ಕರುಳು ಹೊರಗಿರುವ ಕೂಸು: ಸ್ಕ್ಯಾನ್‌ನಿಂದ ಮೊದಲ ಹಾಲಿನವರೆಗೆ

ಹೊಕ್ಕುಳದ ಬಲಮಗ್ಗುಲಿಗೆ ಎರಡು-ಮೂರು ಸೆಂಟಿಮೀಟರಿನ ತೂತು, ಅದರಿಂದ ಹೊರಬಿದ್ದ ಕರುಳು, ಮೇಲೆ ಯಾವ ಪೊರೆಯೂ ಇಲ್ಲ. ಇದು ಗ್ಯಾಸ್ಟ್ರೋಸ್ಕಿಸಿಸ್. 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಹಲವು ದೇಶಗಳ ಅಧ್ಯಯನದಲ್ಲಿ, ಇಂಥ ಕೂಸುಗಳ ಸಾವು ಶ್ರೀಮಂತ ದೇಶಗಳಲ್ಲಿ ನೂರಕ್ಕೆ 2ಕ್ಕಿಂತ ಕಡಿಮೆ, ಬಡ ದೇಶಗಳಲ್ಲಿ 90. ದೋಷ ಒಂದೇ, ಆಪರೇಷನ್ನೂ ಹೆಚ್ಚುಕಡಿಮೆ ಒಂದೇ. ಹುಬ್ಬಳ್ಳಿಯಲ್ಲಿ ಈ ಕೂಸುಗಳನ್ನು ನೋಡಿಕೊಳ್ಳುವ ನನಗೆ ಕಂಡಂತೆ, ಆಪರೇಷನ್ ಥಿಯೇಟರ್ ತಲುಪುವ ಮೊದಲಿನ ತಾಸುಗಳೇ ಅರ್ಧ ತೀರ್ಪು ಕೊಟ್ಟಿರುತ್ತವೆ.

12 ವಾರದೊಳಗಿನ ಸ್ಕ್ಯಾನ್ ನೋಡಿ ಹೆದರಬಾರದು. ಆಗ ಎಲ್ಲ ಭ್ರೂಣಗಳ ಕರುಳೂ ಕೆಲಕಾಲ ಹೊಕ್ಕುಳಬಳ್ಳಿಯೊಳಗೆ ಇದ್ದು ಹಿಂದಿರುಗುತ್ತದೆ. 18–20 ವಾರದ ಸ್ಕ್ಯಾನ್‌ನಲ್ಲಿ ಹೊಕ್ಕುಳಬಳ್ಳಿ ಸರಿಯಾದ ಜಾಗದಲ್ಲಿದ್ದು, ಪಕ್ಕದಲ್ಲಿ ಕರುಳಿನ ಸುರುಳಿಗಳು ನೀರಿನಲ್ಲಿ ತೇಲುತ್ತಿದ್ದರೆ ಇದೇ. ಮೇಲೆ ಪೊರೆಯಿದ್ದು ಬಳ್ಳಿ ಆ ಪೊರೆಗೇ ಕೂಡಿದ್ದರೆ ಅದು ಒಂಫಲೋಸೀಲ್. ಅದಕ್ಕೆ ಹೃದಯದ ಮತ್ತು ಕ್ರೋಮೋಸೋಮ್ ಪರೀಕ್ಷೆ ಬೇಕೇ ಬೇಕು. ಗ್ಯಾಸ್ಟ್ರೋಸ್ಕಿಸಿಸ್‌ನಲ್ಲಿ ಕ್ರೋಮೋಸೋಮ್ ದೋಷ ಅಪರೂಪ, ಆದರೆ ಹತ್ತರಲ್ಲೊಂದು ಕೂಸಿಗೆ ಎಲ್ಲೋ ಒಂದು ಕಡೆ ಕರುಳು ಮುಚ್ಚಿಕೊಂಡಿರುತ್ತದೆ. ಹೊಟ್ಟೆಯೊಳಗಿನ ಕರುಳು ಉಬ್ಬುತ್ತ ಹೋದರೆ ಆ ಅನುಮಾನ ಇಟ್ಟುಕೊಳ್ಳುತ್ತೇನೆ.

ಈ ದೋಷ ಇಪ್ಪತ್ತರೊಳಗಿನ ತಾಯಂದಿರಲ್ಲಿ ಹೆಚ್ಚು, ಅಂದರೆ ಬಹುಪಾಲು ಚೊಚ್ಚಲ ಬಸಿರು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನದು. ರಾಣೆಬೆನ್ನೂರಿನಲ್ಲಿ ಸ್ಕ್ಯಾನ್ ಆಗಿರುತ್ತದೆ, ಕುಬಸ ಮುಗಿಸಿ ಹುಡುಗಿ ರೋಣಕ್ಕೆ ಹೋಗಿರುತ್ತಾಳೆ, ಅಲ್ಲಿನ ಹೆರಿಗೆ ಕೋಣೆಯಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲ. ಅದಕ್ಕೇ ದೋಷ ಕಂಡ ದಿನವೇ ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಕೆಂಪಕ್ಷರದಲ್ಲಿ ಬರೆಯುತ್ತೇವೆ, ಎರಡೂ ಊರಿನ ಆಶಾ ಕಾರ್ಯಕರ್ತೆಯರಿಗೆ ತಿಳಿಸುತ್ತೇವೆ. ಹುಡುಗಿಯ ತಾಯಿಗೆ ಹೇಳುವುದು ಇಷ್ಟೇ: "ಅವ್ವಾರ, ಕುಬಸ ಎಲ್ಲೆರ ಮಾಡ್ರಿ, ಹೆರಿಗಿ ಮಾತ್ರ ಹುಬ್ಬಳ್ಳ್ಯಾಗ ಆಗಬೇಕು." ಗ್ರಹಣದಲ್ಲಿ ಹೊರಗೆ ಬಂದಿದ್ದಕ್ಕೆ ಹೀಗಾಯಿತೆಂದು ಸೊಸೆಯನ್ನು ದೂರುವ ಮನೆಗಳಿವೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದನ್ನು ಅತ್ತೆಯ ಎದುರಿಗೇ ಹೇಳಬೇಕು.

ಆಮೇಲೆ ಮೂರು-ನಾಲ್ಕು ವಾರಕ್ಕೊಮ್ಮೆ ಬೆಳವಣಿಗೆಯ ಸ್ಕ್ಯಾನ್, 32 ವಾರದಿಂದ ವಾರಕ್ಕೊಮ್ಮೆ ಎದೆಬಡಿತದ ಪರೀಕ್ಷೆ. ಕರುಳು ಹೊರಗಿರುವುದರಿಂದ ಹೊಟ್ಟೆಯ ಸುತ್ತಳತೆ ಚಿಕ್ಕದು, ಯಂತ್ರ ತೋರಿಸುವ ತೂಕವೂ ಕಡಿಮೆ. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಜೊತೆಗಿಟ್ಟೇ ಓದಬೇಕು. ಕೂಸಿನ ಒದೆತ ಕಡಿಮೆಯಾದರೆ ಅದೇ ದಿನ ಬರಬೇಕು, ಕೊನೆಯ ವಾರಗಳಲ್ಲಿ ಗರ್ಭದಲ್ಲೇ ಸಾಯುವ ಅಪಾಯವಿದೆ. ಹೆರಿಗೆ ಸುಮಾರು 37 ವಾರಕ್ಕೆ. ಕರುಳಿನ ಕಾರಣಕ್ಕೆಂದೇ ಸಿಸೇರಿಯನ್ ಬೇಡ.

ಇಷ್ಟಾದರೂ ಕೆಲವು ಕೂಸುಗಳು ತಾಲ್ಲೂಕು ಆಸ್ಪತ್ರೆಯಲ್ಲೇ ಹುಟ್ಟುತ್ತವೆ. ಅಲ್ಲಿನವರಿಗೆ ಫೋನಿನಲ್ಲಿ ಮೊದಲು ಹೇಳುವುದು, ಒದ್ದೆ ಗಾಜ್ ಸುತ್ತಬೇಡಿ. ಅದು ಬೇಗನೆ ತಣ್ಣಗಾಗಿ ಕೂಸಿನ ಮೈಬಿಸಿ ಹೀರುತ್ತದೆ, ಒಣಗಿದರೆ ಕರುಳಿಗೆ ಅಂಟುತ್ತದೆ. ಸ್ಟೆರೈಲ್ ಪ್ಲಾಸ್ಟಿಕ್ ಚೀಲವಿದ್ದರೆ ಕಂಕುಳದವರೆಗೆ ಕೂಸನ್ನು ಅದರೊಳಗಿಡಿ. ಇಲ್ಲದಿದ್ದರೆ ಆಹಾರ ಸುತ್ತುವ ಹೊಸ ಪಾರದರ್ಶಕ ಹಾಳೆಯನ್ನು ಹೊಟ್ಟೆಯ ಸುತ್ತ ಸಡಿಲವಾಗಿ ಸುತ್ತಿ. ಪಾರದರ್ಶಕವೇ ಬೇಕು, ಏಕೆಂದರೆ ದಾರಿಯುದ್ದಕ್ಕೂ ಕರುಳಿನ ಬಣ್ಣ ಕಾಣಬೇಕು. ಕೂಸನ್ನು ಬಲಮಗ್ಗುಲಿಗೆ ಮಲಗಿಸಿ, ಕರುಳು ಜೋಲದಂತೆ ಬಟ್ಟೆಯ ಸುರುಳಿಯ ಆಸರೆ ಕೊಡಿ. ಜೋತರೆ ತೂತಿನ ಅಂಚಿನಲ್ಲಿ ರಕ್ತನಾಳ ಮಡಚಿ ಕರುಳು ಕಪ್ಪಾಗುತ್ತದೆ. ಬಣ್ಣ ಕಂದಿದರೆ ಮೊದಲು ತಿರುಚಿದೆಯೇ ನೋಡಿ, ನೇರ ಮಾಡಿ. ಒಳಗೆ ತಳ್ಳಲು ಮಾತ್ರ ಹೋಗಬೇಡಿ.

ಬಾಯಿಯಿಂದ ಜಠರಕ್ಕೆ 8 ಅಥವಾ 10 ಫ್ರೆಂಚ್ ದಪ್ಪಳತೆಯ ಟ್ಯೂಬ್ ಹಾಕಿ, ತುದಿ ತೆರೆದಿಟ್ಟು, ಆಗಾಗ ಸಿರಿಂಜಿನಿಂದ ಎಳೆಯಿರಿ. ಉಸಿರಾಟಕ್ಕೆ ನೆರವು ಬೇಕಾದರೆ ಮಾಸ್ಕ್ ಒತ್ತುವುದಕ್ಕಿಂತ ಶ್ವಾಸನಾಳದ ಟ್ಯೂಬ್ ಮೇಲು. ಮಾಸ್ಕಿನ ಗಾಳಿ ಕರುಳನ್ನು ಉಬ್ಬಿಸುತ್ತದೆ. ಡ್ರಿಪ್ ಕೈಗೆ ಹಾಕಿ. ನಾರ್ಮಲ್ ಸಲೈನ್ ಕೆ.ಜಿ.ಗೆ 10 ಮಿ.ಲೀ., ಅಂದರೆ ಎರಡು ಕೆ.ಜಿ. ಕೂಸಿಗೆ 20, ನಂತರ 10% ಡೆಕ್ಸ್‌ಟ್ರೋಸ್. ಸೋಂಕು ತಡೆಯಲು ಆಂಪಿಸಿಲಿನ್, ಜೆಂಟಾಮೈಸಿನ್; ಜೊತೆಗೆ ವಿಟಮಿನ್ ಕೆ. ಮೈಬಿಸಿ 36.5 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಗಾಡಿ ಹೊರಡಲಿ. ಹಾವೇರಿಯಿಂದ ತಣ್ಣಗಾಗಿ ಬಂದ ಕೂಸಿಗಿಂತ ಅರ್ಧ ತಾಸು ತಡವಾಗಿ ಬೆಚ್ಚಗೆ ಬಂದ ಕೂಸು ನನಗೆ ಬೇಕು.

ಇಲ್ಲಿಗೆ ಬಂದ ಮೇಲೆ, ಹೊಟ್ಟೆ ಹಿಡಿಸುವಂತಿದ್ದರೆ ಒಮ್ಮೆಗೇ ಒಳಸೇರಿಸುತ್ತೇವೆ. ಇಲ್ಲದಿದ್ದರೆ ಸೈಲೋ, ಅಂದರೆ ಹೊರಗಿನ ಕರುಳನ್ನು ತುಂಬಿಟ್ಟು ಮೆಲ್ಲಮೆಲ್ಲನೆ ಒಳಗಿಳಿಸುವ ಚೀಲ. ಸ್ಪ್ರಿಂಗ್ ಉಂಗುರದ ಸಿದ್ಧ ಸೈಲೋ ಸಿಗದಾಗ ಮೂತ್ರ ಸಂಗ್ರಹಿಸುವ ಸ್ಟೆರೈಲ್ ಯೂರೋಬ್ಯಾಗ್ ಕತ್ತರಿಸಿ ಹೊಟ್ಟೆಯ ತೂತಿನ ಅಂಚಿಗೆ ಹೊಲಿದು, ಕೂಸನ್ನು ಬೆಚ್ಚಗಿಡುವ ವಾರ್ಮರ್‌ನ ಸರಳಿಗೆ ನೇರವಾಗಿ ತೂಗುಹಾಕುತ್ತೇವೆ. ದಿನಕ್ಕೆ ಒಂದೆರಡು ಸಲ ಮೇಲಿನಿಂದ ಮೆಲ್ಲನೆ ಒತ್ತಿ ಟೇಪಿನಿಂದ ಕಟ್ಟುತ್ತ ಬಂದರೆ ಮೂರರಿಂದ ಏಳು ದಿನದಲ್ಲಿ ಕರುಳು ಒಳಗೆ. ಅವಸರ ಮಾಡಿದರೆ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ: ಮೂತ್ರ ಗಂಟೆಗೆ ಕೆ.ಜಿ.ಗೆ 1 ಮಿ.ಲೀ.ಗಿಂತ ಇಳಿಯುತ್ತದೆ, ಕಾಲು ನೀಲಿಯಾಗುತ್ತವೆ, ವೆಂಟಿಲೇಟರ್ ಒತ್ತಡ ಹೆಚ್ಚು ಕೇಳುತ್ತದೆ. ಮೂತ್ರಕೋಶದ ಒತ್ತಡ 20 ತಲುಪಿದರೆ ಕಟ್ಟು ಸಡಿಲಿಸಲೇಬೇಕು. ತೂತು ಚಿಕ್ಕದಿದ್ದರೆ ಹೊಲಿಗೆಯಿಲ್ಲದೆ, ಉಳಿಸಿಕೊಂಡ ಹೊಕ್ಕುಳಬಳ್ಳಿಯನ್ನೇ ಮುಚ್ಚಳವಾಗಿಟ್ಟು ಡ್ರೆಸ್ಸಿಂಗ್ ಮಾಡಬಹುದು. ಅದಕ್ಕೇ ಬಳ್ಳಿಯನ್ನು ಉದ್ದ ಬಿಟ್ಟು ಕತ್ತರಿಸಿ ಎಂದು ಕೇಳಿಕೊಳ್ಳುವುದು. ಕರುಳು ಮುಚ್ಚಿರುವುದು ಕಂಡರೂ ಊದಿಕೊಂಡ ಕರುಳಿಗೆ ಆಗಲೇ ಕೈ ಹಾಕುವುದಿಲ್ಲ. ನಾಲ್ಕರಿಂದ ಆರು ವಾರ ಕಾಯುತ್ತೇವೆ.

ಕರುಳು ಕೆಲಸ ಶುರುಮಾಡಲು ವಾರಗಳೇ ಹಿಡಿಯುತ್ತವೆ. ಅಲ್ಲಿಯತನಕ ರಕ್ತನಾಳದ ಮೂಲಕವೇ ಆಹಾರ, ಮತ್ತು ಆ ಲೈನಿನ ಸೋಂಕೇ ನಮ್ಮ ದೊಡ್ಡ ಶತ್ರು. ಕೈತೊಳೆಯದೆ ಅದನ್ನು ಯಾರೂ ಮುಟ್ಟುವಂತಿಲ್ಲ. ತಾಯಿ ಮೊದಲ ದಿನದಿಂದಲೇ ಮೂರು ತಾಸಿಗೊಮ್ಮೆ ಹಾಲು ಹಿಂಡಬೇಕು, ಇಲ್ಲದಿದ್ದರೆ ಬೇಕಾದಾಗ ಹಾಲು ಬತ್ತಿರುತ್ತದೆ. ಟ್ಯೂಬಿನ ಹಸಿರು ತಿಳಿಯಾಗಿ ಮಲ ಹೋದ ಮೇಲೆ, ದಿನಕ್ಕೆ ಕೆ.ಜಿ.ಗೆ 10–20 ಮಿ.ಲೀ. ತಾಯಿಹಾಲಿನಿಂದ ಶುರು. ಮನೆಗೆ ಹೋದ ಮೇಲೆ ಹಸಿರು ವಾಂತಿಯಾದರೆ ರಾತ್ರಿಯಾಗಿದ್ದರೂ ಹೊರಡಬೇಕು, ಬೆಳಗಿನ ಬಸ್ಸಿಗೆ ಕಾಯಬಾರದು.