ಹಳೆಯ ಸೇತುವೆ ಕೆಡವಿ ಹೊಸದು ಕಟ್ಟುವಾಗ ಹಳ್ಳದ ನೀರನ್ನು ಕಾಯುವುದು ಹೇಗೆ?

ನೆಲಮಂಗಲ, ದೊಡ್ಡಬಳ್ಳಾಪುರ, ಮಾಗಡಿ, ಕನಕಪುರದ ಕಡೆ ಹೋದರೆ ಸೈಜುಗಲ್ಲಿನ ಗೋಡೆಯ ಮೇಲೆ ಚಪ್ಪಡಿ ಹಾಸಿದ ಹಳೆಯ ಮೋರಿಗಳು ಇನ್ನೂ ಕಾಣಸಿಗುತ್ತವೆ. ಎತ್ತಿನ ಗಾಡಿಯ ಕಾಲಕ್ಕೆ ಸರಿಯಾಗಿದ್ದ ಇವು ಈಗ ಇಟ್ಟಿಗೆ ಲಾರಿ, ಹಾಲಿನ ಟ್ಯಾಂಕರ್, ಶಾಲೆಯ ಬಸ್ಸುಗಳ ಭಾರ ಹೊರಲಾರವು. ಆದ್ದರಿಂದ ಒಂದೊಂದನ್ನೇ ಕೆಡವಿ ಆರ್‌ಸಿಸಿ ಬಾಕ್ಸ್ ಅಥವಾ ಸ್ಲ್ಯಾಬ್ ಸೇತುವೆಗಳನ್ನು ಕಟ್ಟಲಾಗುತ್ತಿದೆ. ಎಂಜಿನಿಯರುಗಳ ಲೆಕ್ಕದಲ್ಲಿ 6 ಮೀಟರ್‌ವರೆಗಿನದು ಮೋರಿ, ಅದರಿಂದ 60 ಮೀಟರ್‌ವರೆಗಿನದು ಕಿರುಸೇತುವೆ. ಈ ಲೇಖನ ಮುಖ್ಯವಾಗಿ ಇವೆರಡರ ಕುರಿತಾದದ್ದು, ಏಕೆಂದರೆ ದೊಡ್ಡ ನದಿಗೆ ಸೇತುವೆ ಕಟ್ಟುವಾಗ ನೋಡಲು ಹತ್ತು ಜನ ಇರುತ್ತಾರೆ, ಊರಾಚೆಯ ಹಳ್ಳಕ್ಕೆ ಯಾರೂ ಇರುವುದಿಲ್ಲ.

ಆ ಹಳ್ಳ ಚಿಕ್ಕದಾದರೂ ಅದರ ನೀರು ದೂರ ಹೋಗುತ್ತದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಹೆಸರಘಟ್ಟದ ಮೂಲಕ ಹರಿದು, ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯನ್ನು ತಿಪ್ಪಗೊಂಡನಹಳ್ಳಿಯಲ್ಲಿ ಕೂಡಿಕೊಂಡು, ಕೊನೆಗೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. 1894ರಲ್ಲಿ ಹೆಸರಘಟ್ಟದಿಂದ, 1933ರ ನಂತರ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರು ನೀರು ಕುಡಿದದ್ದು ಇಂಥ ನೂರಾರು ಹಳ್ಳಗಳ ದಯೆಯಿಂದ. ಕೆರೆಗೆ ಕೆರೆ ಪೋಣಿಸಿಕೊಂಡಿರುವ ಈ ಸೀಮೆಯಲ್ಲಿ ಮೋರಿಯ ಕೆಳಗೆ ಬಿದ್ದ ಮಣ್ಣು ಕೆಳಗಿನ ಕೆರೆಯ ಹೂಳಾಗದೆ ಬೇರೆ ದಾರಿಯಿಲ್ಲ.

ಇಡೀ ವಿಷಯವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಹರಿಯುವ ನೀರು ಕೆಲಸವನ್ನು ಮುಟ್ಟಬಾರದು, ಕೆಲಸದ ನೀರು ಹಳ್ಳವನ್ನು ಮುಟ್ಟಬಾರದು. ಮುಂದಿನ ಎಲ್ಲ ಹೆಜ್ಜೆಗಳೂ ಈ ಎರಡು ಕಡೆಯ ಮಡಿಯನ್ನು ಕಾಯುವ ಬಗೆಗಳಷ್ಟೇ.

ಮೊದಲ ಹೆಜ್ಜೆ: ಅಂದಾಜು ಪಟ್ಟಿ ಮತ್ತು ಕಾಲ

ನೀರು ಕಾಯುವ ಕೆಲಸ ಟೆಂಡರಿಗೂ ಮೊದಲೇ, ಅಂದಾಜು ಪಟ್ಟಿ ಬರೆಯುವ ಮೇಜಿನ ಮೇಲೆ ಶುರುವಾಗಬೇಕು. ನೀರು ತಿರುಗಿಸುವ ಪೈಪು, ಮರಳಿನ ಚೀಲ, ತಿಳಿಗುಂಡಿ (ರಾಡಿ ನೀರನ್ನು ನಿಲ್ಲಿಸಿ ತಿಳಿಗೊಳಿಸುವ ಗುಂಡಿ), ಕಾಂಕ್ರೀಟು ತೊಳೆಯುವ ಗುಂಡಿ, ತಾತ್ಕಾಲಿಕ ರಸ್ತೆಯನ್ನು ಕಿತ್ತು ತೆಗೆಯುವ ಖರ್ಚು, ಇವಿಷ್ಟೂ ಬೇರೆ ಬೇರೆ ಬಾಬುಗಳಾಗಿ, ದರದ ಸಮೇತ ಪಟ್ಟಿಯಲ್ಲಿ ಇರಬೇಕು. ಪಟ್ಟಿಯಲ್ಲಿ ಇಲ್ಲದ ಕೆಲಸವನ್ನು ಗುತ್ತಿಗೆದಾರರು ತಮ್ಮ ಕೈಯಿಂದ ಹಣ ಹಾಕಿ ಮಾಡಲಿ ಎಂದು ಬಯಸುವುದು ನ್ಯಾಯವೂ ಅಲ್ಲ, ನಡೆಯುವ ಮಾತೂ ಅಲ್ಲ. ಗ್ರಾಮ ಪಂಚಾಯಿತಿಯ ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆ ಇದೇ ಎಂಬುದು ನನ್ನ ಅಭಿಪ್ರಾಯ: ಈ ಬಾಬುಗಳು ಪಟ್ಟಿಯಲ್ಲಿ ಇವೆಯೇ?

ಕಾಲದ ಲೆಕ್ಕ ರೈತರಿಗೆ ಗೊತ್ತಿರುವುದೇ. ಬೆಂಗಳೂರಿನ ಸುತ್ತ ಮುಂಗಾರು ಮುಗಿದರೂ ಮಳೆ ಮುಗಿಯುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಹೆಚ್ಚು ಮಳೆಯವು, ಹಿಂಗಾರು ನವೆಂಬರಿನವರೆಗೂ ಎಳೆಯುತ್ತದೆ. ಏಪ್ರಿಲ್ ಕೊನೆಗೆ ಭರಣಿ ಮಳೆ ಗುಡುಗಿನೊಂದಿಗೆ ಬರುತ್ತದೆ. ಹೀಗಾಗಿ ಹಳ್ಳದ ಪಾತ್ರದೊಳಗಿನ ಕೆಲಸಕ್ಕೆ ದಕ್ಕುವುದು ಡಿಸೆಂಬರ್‌ನಿಂದ ಏಪ್ರಿಲ್ ನಡುವಿನವರೆಗಿನ ನಾಲ್ಕೂವರೆ ತಿಂಗಳು ಮಾತ್ರ. ಅಡಿಪಾಯವೂ ಗೋಡೆಗಳೂ ಈ ಅವಧಿಯಲ್ಲಿ ಮೇಲೆದ್ದರೆ ಉಳಿದದ್ದನ್ನು ಮಳೆಗಾಲದಲ್ಲಿಯೂ ಮುಗಿಸಬಹುದು. ಮಾರ್ಚಿನಲ್ಲಿ ಅಗೆಯಲು ಶುರುಮಾಡಿದ ಕೆಲಸ ಮಳೆಗೆ ಸಿಕ್ಕೇ ಸಿಗುತ್ತದೆ.

ಎರಡನೆಯ ಹೆಜ್ಜೆ: ಕೆಲಸಕ್ಕೂ ಮುಂಚಿನ ನೀರು ಹೇಗಿತ್ತು?

ಜೆಸಿಬಿ ಇಳಿಯುವ ಮುನ್ನ ಎರಡು ಬಿಳಿಯ ಗಾಜಿನ ಬಾಟಲಿ ತೆಗೆದುಕೊಳ್ಳಿ. ಸೇತುವೆಗಿಂತ 30 ಮೀಟರ್ ಮೇಲಿನಿಂದ ಒಂದು, 100 ಮೀಟರ್ ಕೆಳಗಿನಿಂದ ಒಂದು ತುಂಬಿಸಿ, ದಿನಾಂಕ ಬರೆದ ಚೀಟಿ ಅಂಟಿಸಿ, ಬಾಟಲಿಯ ಹಿಂದೆ ಅಚ್ಚಾದ ಕಾಗದ ಹಿಡಿದು ಫೋಟೊ ತೆಗೆಯಿರಿ. ಅಕ್ಷರ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದೇ ಬಗ್ಗಡದ ಸುಲಭ ಅಳತೆ. ಇದರ ಜೊತೆಗೆ ಪಿಎಚ್, ಎಂದರೆ ನೀರು ಎಷ್ಟು ಹುಳಿ ಅಥವಾ ಎಷ್ಟು ಕ್ಷಾರ ಎಂಬುದನ್ನು ನೋಡುವ ಕಾಗದದ ಪಟ್ಟಿಗಳಿರಲಿ. ಬಾವಿ ಅಥವಾ ಕುಡಿಯುವ ನೀರಿನ ಮೂಲ ಹತ್ತಿರವಿದ್ದರೆ ಪ್ರಯೋಗಾಲಯದ ಪರೀಕ್ಷೆಯನ್ನೂ ಮಾಡಿಸಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಬಗ್ಗಡ 1 ಎನ್‌ಟಿಯು (ಬಗ್ಗಡ ಅಳೆಯುವ ಮಾನ) ದಾಟಬಾರದು, ಬೇರೆ ಮೂಲವೇ ಇಲ್ಲದಿದ್ದರೆ 5ರವರೆಗೆ ಒಪ್ಪಬಹುದು, ಪಿಎಚ್ 6.5ರಿಂದ 8.5ರೊಳಗೆ ಇರಬೇಕು. ಕೆಲಸ ನಡೆಯುವಷ್ಟು ದಿನವೂ ಬೆಳಿಗ್ಗೆ, ಸಂಜೆ ಇದೇ ಎರಡು ಜಾಗಗಳಿಂದ ಬಾಟಲಿ ತುಂಬಿಸಿ ಪಕ್ಕಪಕ್ಕ ಇಟ್ಟು ನೋಡಿದರೆ ಯಾರ ಮಾತನ್ನೂ ನಂಬಬೇಕಾಗಿಲ್ಲ.

ಮೂರನೆಯ ಹೆಜ್ಜೆ: ಹಳ್ಳವನ್ನು ಪಕ್ಕಕ್ಕೆ ಸರಿಸುವುದು

ಹರಿವು ಸಣ್ಣದಾಗಿದ್ದರೆ ಮೇಲೆ ಅಡ್ಡಗಟ್ಟಿ ಪೈಪಿನಲ್ಲಿ ಕೆಲಸದ ಜಾಗ ದಾಟಿಸುವುದು ಎಲ್ಲಕ್ಕಿಂತ ಉತ್ತಮ. ಅಗಲವಾದ ಹಳ್ಳವಾದರೆ ಅರ್ಧ ಭಾಗ ಮುಚ್ಚಿ, ಉಳಿದರ್ಧದಲ್ಲಿ ನೀರು ಬಿಟ್ಟು, ಆಮೇಲೆ ಅದಲುಬದಲು ಮಾಡಬಹುದು. ಅಡ್ಡಗಟ್ಟೆಗೆ ದಡದ ಮಣ್ಣನ್ನೇ ಕೆರೆದು ಸುರಿಯುವ ರೂಢಿ ನಮ್ಮಲ್ಲಿದೆ. ಅದನ್ನು ಬಿಡಲೇಬೇಕು. ಆ ಮಣ್ಣು ಅಡ್ಡಗಟ್ಟೆಯಾಗಿ ನಿಲ್ಲುವುದು ನಾಲ್ಕು ದಿನ, ಕೆರೆಯಲ್ಲಿ ಹೂಳಾಗಿ ನಿಲ್ಲುವುದು ನಾಲ್ಕು ತಲೆಮಾರು. ತೊಳೆದ ಎಂ-ಸ್ಯಾಂಡ್ ಅಥವಾ ಜಲ್ಲಿ ತುಂಬಿದ ಚೀಲಗಳನ್ನು ಇಟ್ಟಿಗೆಯಂತೆ ಜೋಡಿಸಿ, ನೀರಿನ ಕಡೆಗೆ ಟಾರ್ಪಾಲು ಹೊದಿಸಬೇಕು. ಚೀಲ ಹರಿದರೂ ಹೊರಬರುವುದು ಮರಳು, ಕೆಸರಲ್ಲ.

ತಿರುವುಗಾಲುವೆ ಅಗೆಯಬೇಕಾಗಿ ಬಂದರೆ ಅದರ ತಳಕ್ಕೂ ಬದಿಗೂ ಟಾರ್ಪಾಲು ಹಾಸಿ, ನೀರು ಧುಮುಕುವ ಬಾಯಿಗೆ ದಪ್ಪ ಕಲ್ಲು ಹಾಕಿ, ಕೆಳತುದಿಯನ್ನು ಮೊದಲು ತೆರೆದು ಮೇಲ್ತುದಿಯನ್ನು ಕೊನೆಗೆ, ನಿಧಾನವಾಗಿ ತೆರೆಯಬೇಕು. ತಳದಲ್ಲಿ ಉಳಿದ ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನು, ಏಡಿಗಳನ್ನು ಬಕೆಟ್ಟಿನಲ್ಲಿ ಹಿಡಿದು ಕೆಳಗಿನ ಮಡುವಿಗೆ ಬಿಡಲು ಊರಿನ ಹುಡುಗರಿಗೆ ಹೇಳಿದರೆ ಅರ್ಧ ದಿನದ ಕೆಲಸ.

ಇಲ್ಲಿಯೇ ಇನ್ನೊಂದು ವಿಷಯ. ಸೇತುವೆ ಕಟ್ಟುವಷ್ಟು ದಿನ ಜನ ಓಡಾಡಲು ಎರಡು ಹ್ಯೂಮ್ ಪೈಪ್ ಇಟ್ಟು ಮೇಲೆ ಹತ್ತಾರು ಟಿಪ್ಪರ್ ಮಣ್ಣು ಸುರಿದು ಮಾಡುವ ತಾತ್ಕಾಲಿಕ ರಸ್ತೆ ಮೊದಲ ದೊಡ್ಡ ಮಳೆಗೆ ಕೊಚ್ಚಿಹೋಗುವುದನ್ನು ಎಲ್ಲರೂ ಕಂಡಿದ್ದೇವೆ. ಸೇತುವೆಯ ಕೆಲಸದಿಂದ ಹಳ್ಳಕ್ಕೆ ಬೀಳುವ ಮಣ್ಣಿನಲ್ಲಿ ದೊಡ್ಡ ಪಾಲು ಈ ರಸ್ತೆಯದೇ ಆಗಿರುತ್ತದೆ. ಪೈಪುಗಳ ಸಂಖ್ಯೆ ಹೆಚ್ಚಿಸಿ, ಮಣ್ಣಿನ ಬದಲು ದಪ್ಪ ಕಲ್ಲು, ಮೇಲೆ ಜಲ್ಲಿ ಹಾಸಿ, ಮಳೆಗಾಲಕ್ಕೆ ಮುಂಚೆ ಕಿತ್ತು ತೆಗೆಯುವುದೇ ಇದಕ್ಕೆ ಪರಿಹಾರ.

ನಾಲ್ಕನೆಯ ಹೆಜ್ಜೆ: ಹಳೆಯದನ್ನು ಕೆಡವುವುದು

ಬ್ರೇಕರ್ ಹಚ್ಚಿ ಹಳೆಯ ಸ್ಲ್ಯಾಬನ್ನು ಹಳ್ಳದೊಳಕ್ಕೇ ಬೀಳಿಸಬಾರದು. ಕೆಳಗೆ ಸಾರುವೆ ಕಟ್ಟಿ ಹಲಗೆ, ಅದರ ಮೇಲೆ ಟಾರ್ಪಾಲು ಹಾಸಿ, ತುಂಡು ತುಂಡಾಗಿ ಕೊಯ್ದು ಕ್ರೇನಿನಲ್ಲಿ ಎತ್ತಬೇಕು. ಚಪ್ಪಡಿ, ಸೈಜುಗಲ್ಲುಗಳನ್ನು ಎತ್ತಿಟ್ಟುಕೊಂಡರೆ ದಡಕ್ಕೆ ಹೊದಿಸಲು ಅವಕ್ಕಿಂತ ಒಳ್ಳೆಯ ಕಲ್ಲು ಸಿಗುವುದಿಲ್ಲ. ಕಬ್ಬಿಣದ ತೊಲೆಗಳಿದ್ದರೆ ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಹಳ್ಳದ ಮೇಲೆ ಉಜ್ಜದೆ ಹಾಗೆಯೇ ಸಾಗಿಸಬೇಕು.

ಐದನೆಯ ಹೆಜ್ಜೆ: ಪಂಪಿನ ಬಾಯಿ

ಅಡಿಪಾಯ ಅಗೆದ ಕೂಡಲೇ ಗುಂಡಿಯಲ್ಲಿ ಒಸರು ತುಂಬುತ್ತದೆ. ಅದನ್ನು ಪಂಪಿನಿಂದ ಎತ್ತಿ, ಪೈಪಿನ ತುದಿಯನ್ನು ಸೀದಾ ಹಳ್ಳಕ್ಕೆ ಬಿಡುವುದು ನೂರಕ್ಕೆ ನೂರು ಕಡೆ ಕಾಣುವ ದೃಶ್ಯ. ಕೆಂಪು ರಾಡಿ ನೀರು ಕಿಲೋಮೀಟರುಗಟ್ಟಲೆ ಹರಿಯುವುದಕ್ಕೆ ಈ ನಾಲ್ಕಿಂಚಿನ ಪೈಪು ಸಾಕು. ಸೈಟಿಗೆ ಹೋದವರು ಬೇರೇನನ್ನೂ ನೋಡಲಾಗದಿದ್ದರೂ ಪಂಪಿನ ಪೈಪು ಎಲ್ಲಿ ಬಾಯಿ ಬಿಟ್ಟಿದೆ ಎಂಬುದನ್ನು ಹುಡುಕಿ ನೋಡಬೇಕು.

ಈ ನೀರು ಹೋಗಬೇಕಾದದ್ದು ತಿಳಿಗುಂಡಿಗೆ. ಗುಂಡಿ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಲೆಕ್ಕವಿದೆ. ನಿಂತ ನೀರಿನಲ್ಲಿ 0.1 ಮಿಲಿಮೀಟರಿನ ಸಣ್ಣ ಮರಳು 30 ಸೆಂಟಿಮೀಟರ್ ಇಳಿಯಲು ಸುಮಾರು 40 ಸೆಕೆಂಡು ಸಾಕು, 0.01 ಮಿಲಿಮೀಟರಿನ ಗೋಡು, ಎಂದರೆ ನುಣುಪು ಮೆಕ್ಕಲಿನ ಕಣಕ್ಕೆ ಅರ್ಧ ಗಂಟೆಗೂ ತುಸು ಹೆಚ್ಚು ಬೇಕು, 0.001 ಮಿಲಿಮೀಟರಿನ ಜೇಡಿ ಕಣಕ್ಕೆ ಎರಡು ದಿನ ದಾಟುತ್ತದೆ. ಎಂದರೆ ಒಂದು ಮೀಟರ್ ಆಳದ ಗುಂಡಿಯಲ್ಲಿ ಗೋಡು ತಳ ಸೇರಲು ಹತ್ತಿರ ಹತ್ತಿರ ಎರಡು ಗಂಟೆ ನೀರು ಅಲುಗದೆ ನಿಲ್ಲಬೇಕು. ಸೆಕೆಂಡಿಗೆ 10 ಲೀಟರ್ ಎತ್ತುವ ಪಂಪು ಎರಡು ಗಂಟೆಯಲ್ಲಿ 72,000 ಲೀಟರ್ ಎತ್ತುತ್ತದೆ. ಅಷ್ಟನ್ನು ಹಿಡಿಯಲು 9 ಮೀಟರ್ ಉದ್ದ, 8 ಮೀಟರ್ ಅಗಲ, 1 ಮೀಟರ್ ಆಳ ಬೇಕು. ಆಳವಾದ ಕಿರಿದು ಗುಂಡಿಗಿಂತ ಆಳವಿಲ್ಲದ ಅಗಲ ಗುಂಡಿಯೇ ಮೇಲು, ಏಕೆಂದರೆ ಕಣ ಇಳಿಯಬೇಕಾದ ದೂರ ಕಡಿಮೆ. ಪಂಪು ಸಣ್ಣದಾದಷ್ಟೂ ಗುಂಡಿಯೂ ಸಣ್ಣದಾಗುತ್ತದೆ. ಒಸರನ್ನು ನಿಧಾನವಾಗಿ, ಎಡೆಬಿಡದೆ ಎತ್ತುವುದು ಜಾಣತನ.

ಜೇಡಿ ಮಾತ್ರ ಇದಕ್ಕೂ ಬಗ್ಗುವುದಿಲ್ಲ. ತಿಳಿಗುಂಡಿಯಿಂದ ಹೊರಬಂದ ನೀರನ್ನು ಹಳ್ಳಕ್ಕೆ ಬಿಡದೆ, ದಡದಿಂದ ದೂರ, ಹುಲ್ಲು ಬೆಳೆದ ಬೀಳಿನ ಮೇಲೆ ತೆಳ್ಳಗೆ ಹರಡಿ ಇಂಗಿಸಿದರೆ ಅದೂ ನಿಲ್ಲುತ್ತದೆ. ಜಮೀನಿನವರ ಒಪ್ಪಿಗೆಯನ್ನು ಮೊದಲೇ ಕೇಳಿ. ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಹಳ್ಳ, ನದಿಗಳಿಗೆ ಬಿಡುವ ನೀರಿನಲ್ಲಿ ತೇಲುಕಣಗಳು ಲೀಟರಿಗೆ 100 ಮಿಲಿಗ್ರಾಂ, ಎಣ್ಣೆ ಜಿಡ್ಡು 10 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ಸಾಮಾನ್ಯವಾಗಿ ಅನ್ವಯಿಸುತ್ತದೆ.

ಆರನೆಯ ಹೆಜ್ಜೆ: ಸಿಮೆಂಟಿನ ನೀರು

ಮಣ್ಣಿನ ಬಗ್ಗಡ ಕಣ್ಣಿಗೆ ಕಾಣುತ್ತದೆ. ಸಿಮೆಂಟಿನ ನೀರು ತಿಳಿಯಾದ ಮೇಲೂ ಕೊಲ್ಲುತ್ತದೆ. ಕೆಲವು ವರ್ಷಗಳ ಹಿಂದೆ ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಇದನ್ನು ಕಣ್ಣಾರೆ ಕಂಡೆ. ಹಿಂದಿನ ಸಂಜೆ ಕಾಂಕ್ರೀಟು ಮುಗಿಸಿದವರು ಮಿಕ್ಸರನ್ನೂ ಬಾಂಡ್ಲಿಗಳನ್ನೂ ಹಳ್ಳದಲ್ಲಿಯೇ ತೊಳೆದು ಹೋಗಿದ್ದರು. ಬೇಸಿಗೆಯಾದ್ದರಿಂದ ಹರಿವು ಇರಲಿಲ್ಲ, ಮೋರಿಯ ಕೆಳಗೆ ಒಂದು ಮಡುವಷ್ಟೇ ಇತ್ತು. ಬೆಳಿಗ್ಗೆ ನೀರು ತಿಳಿಯಾಗಿತ್ತು, ತಳದಲ್ಲಿ ಬೂದಿಬಣ್ಣದ ತೆಳುಪೊರೆ, ಮೇಲೆ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಎಮ್ಮೆ ಹೊಡೆದುಕೊಂಡು ಬಂದ ಅಜ್ಜಿಯೊಬ್ಬರು, “ನೀರಿಗೆ ಮೂತಿ ಇಟ್ಟು ಹಂಗೇ ಹಿಂದಕ್ಕೆ ಬಂತು ಸ್ವಾಮಿ, ಕುಡೀಲಿಲ್ಲ,” ಎಂದರು. ಪಿಎಚ್ ಪಟ್ಟಿ ಅದ್ದಿದರೆ ಕಡುನೀಲಿಗೆ ತಿರುಗಿತು.

ಹಸಿ ಸಿಮೆಂಟಿನಿಂದ ಬಿಡುವ ಸುಣ್ಣ ನೀರಿನ ಪಿಎಚ್ ಅನ್ನು 12ರ ಮೇಲಕ್ಕೆ ಒಯ್ಯುತ್ತದೆ. ಈ ಅಳತೆಯಲ್ಲಿ ಒಂದೊಂದು ಅಂಕಕ್ಕೂ ಹತ್ತು ಪಟ್ಟು ವ್ಯತ್ಯಾಸ. ಪಿಎಚ್ 12ರ ಒಂದು ಲೀಟರನ್ನು ಬರೀ ಶುದ್ಧ ನೀರು ಬೆರೆಸಿ 9ಕ್ಕೆ ಇಳಿಸಲು ಸಾವಿರ ಲೀಟರಿನಷ್ಟು ಬೇಕು. ಮೀನಿನ ಕಿವಿರು ಇದರಲ್ಲಿ ಸುಟ್ಟುಹೋಗುತ್ತದೆ. ಊರಿನ ಚರಂಡಿ ಸೇರಿದ ಹಳ್ಳವಾದರೆ ಇನ್ನೂ ಕೆಡುಕು: ಪಿಎಚ್ ಏರಿದಾಗ ಕೊಳಚೆಯಲ್ಲಿನ ಅಮೋನಿಯಂ ವಿಷಕಾರಿ ಅಮೋನಿಯವಾಗಿ ಮಾರ್ಪಡುತ್ತದೆ. ಹೇಗೂ ಹೊಲಸು ನೀರು ತಾನೇ ಎಂಬ ಸಮಾಧಾನಕ್ಕೆ ಇಲ್ಲಿ ಜಾಗವಿಲ್ಲ.

ಉಪಾಯ ಸುಲಭ. ದಡದಿಂದ ಕನಿಷ್ಠ 30 ಮೀಟರ್ ದೂರದಲ್ಲಿ ಎರಡು ಮೀಟರ್ ಚೌಕದ ಗುಂಡಿ ತೆಗೆದು, ದಪ್ಪ ಟಾರ್ಪಾಲು ಹಾಸಿ, ಮಿಕ್ಸರ್, ಬಾಂಡ್ಲಿ, ಸಲಿಕೆ, ವೈಬ್ರೇಟರ್ ಎಲ್ಲವನ್ನೂ ಅಲ್ಲಿಯೇ ತೊಳೆಯಬೇಕು. ನೀರು ಆರಿದ ಮೇಲೆ ಉಳಿದ ಗಟ್ಟಿಯನ್ನು ಒಡೆದು ಸಾಗಿಸಬಹುದು. ಕಾಂಕ್ರೀಟು ಹಾಕುವ ಮುನ್ನ ಸೆಂಟ್ರಿಂಗ್ ಹಲಗೆಗಳ ಸಂದುಗಳನ್ನು ಮುಚ್ಚಿ ಸಿಮೆಂಟಿನ ಹಾಲು ಸೋರದಂತೆ ನೋಡಿಕೊಳ್ಳಬೇಕು. ಹಲಗೆಗೆ ಹಳೆಯ ಎಂಜಿನ್ ಆಯಿಲ್ ಬಳಿಯುವುದನ್ನು ನಿಲ್ಲಿಸಬೇಕು. ಕ್ಯೂರಿಂಗಿಗೆ ಪೈಪು ಹಿಡಿದು ಧಾರೆ ಬಿಡುವ ಬದಲು ಒದ್ದೆ ಗೋಣಿ ಹೊದಿಸಿದರೆ ಹಳ್ಳಕ್ಕೆ ಇಳಿಯುವ ನೀರೇ ಇರುವುದಿಲ್ಲ. ಡೀಸೆಲ್ ಡಬ್ಬ, ಜನರೇಟರುಗಳ ಕೆಳಗೆ ತಗಡಿನ ತಟ್ಟೆ ಇರಲಿ, ಪಕ್ಕದಲ್ಲಿ ಮರದ ಹೊಟ್ಟಿನ ಒಂದು ಮೂಟೆಯೂ ಇರಲಿ.

ಕಾನೂನಿನ ಮಾತು ಬಂದಾಗ ಒಂದು ಗೊಂದಲ ಕೇಳಿಬರುತ್ತದೆ. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯ 24ನೇ ಕಲಂ, ಹಕ್ಕುಳ್ಳವರು ಹಳ್ಳಕ್ಕೆ ಅಡ್ಡಲಾಗಿ ಸೇತುವೆ ಕಟ್ಟಿದ ಮಾತ್ರಕ್ಕೆ ಅದನ್ನು ಅಪರಾಧ ಎನ್ನುವುದಿಲ್ಲ. ಈ ವಿನಾಯಿತಿಯನ್ನು ಮುಂದಿಟ್ಟು ಏನನ್ನು ಬೇಕಾದರೂ ಹಳ್ಳಕ್ಕೆ ಬಿಡಬಹುದು ಎಂದು ತಿಳಿಯುವುದು ತಪ್ಪು. ವಿನಾಯಿತಿ ಇರುವುದು ಕಟ್ಟುವ ಕೆಲಸಕ್ಕೆ. ಎಣ್ಣೆಗೂ ಸಿಮೆಂಟಿನ ನೀರಿಗೂ ಅಲ್ಲ.

ಏಳನೆಯ ಹೆಜ್ಜೆ: ದಡ ಮತ್ತು ತಳ

ಬಾಕ್ಸ್ ಸೇತುವೆಯ ನೆಲಗಟ್ಟು ಹಳ್ಳದ ತಳಕ್ಕಿಂತ ಸುಮಾರು ಒಂದು ಅಡಿ ಕೆಳಗಿದ್ದು, ಮೇಲೆ ಹಳ್ಳದ ಮರಳು, ಗುಂಡುಕಲ್ಲುಗಳೇ ಕೂರುವಂತಿರಬೇಕು. ಮೆಟ್ಟಿಲಿನಂತೆ ಎತ್ತರದಲ್ಲಿ ನಿಂತರೆ ನೀರು ಧುಮುಕಿ ಕೆಳಗೆ ಗುಂಡಿ ಕೊರೆಯುತ್ತದೆ, ಮುಂಗಾರಿನ ಹೊಸ ನೀರಿಗೆ ಮೇಲಕ್ಕೆ ಹತ್ತುವ ಮೀನಿಗೂ ದಾರಿ ಮುಚ್ಚುತ್ತದೆ. ಕಿತ್ತ ದಡಕ್ಕೆ ತೆಂಗಿನ ನಾರಿನ ಚಾಪೆ ಹೊದಿಸಿ ಗೂಟ ಹೊಡೆದು, ಗರಿಕೆಯ ಹೆಪ್ಪಲು ಮತ್ತು ಲಾವಂಚದ ಬುಡಗಳನ್ನು ಸಾಲಾಗಿ ನೆಟ್ಟು, ಮಳೆ ಬರುವವರೆಗೆ ನೀರು ಹಾಕಬೇಕು. ಮೇಲಿನ ಸಾಲಿಗೆ ಹೊಂಗೆ, ಲಕ್ಕಿಗಿಡ ಚೆನ್ನಾಗಿ ಬರುತ್ತವೆ.

ಕೊನೆಗೆ ಉಳಿಯುವುದು ಬಿಚ್ಚುವ ಕೆಲಸ. ಒಳಗೆ ನಿಂತ ರಾಡಿಯನ್ನೆಲ್ಲ ತಿಳಿಗುಂಡಿಗೆ ಎತ್ತಿದ ಮೇಲೆ ಕೆಳಗಿನ ಅಡ್ಡಗಟ್ಟೆಯನ್ನು ಮೊದಲು, ಮೇಲಿನದನ್ನು ಚೀಲ ಚೀಲವಾಗಿ ಆಮೇಲೆ ತೆಗೆಯಬೇಕು. ತಿಳಿಗುಂಡಿಯ ಗೋಡನ್ನು ಕಾಂಕ್ರೀಟು ತೊಳೆದ ಕಸದೊಂದಿಗೆ ಬೆರೆಸದೆ ಇಟ್ಟಿದ್ದರೆ ಹೊಲಕ್ಕೆ ಹಾಕಿಕೊಳ್ಳಲು ರೈತರೇ ಕೇಳಿ ಒಯ್ಯುತ್ತಾರೆ. ತಾತ್ಕಾಲಿಕ ರಸ್ತೆಯ ಕಲ್ಲು, ಪೈಪು, ಹರಿದ ಚೀಲಗಳು ಪಾತ್ರದಿಂದ ಹೊರಬಂದಿವೆಯೇ ಎಂದು ಪಂಚಾಯಿತಿಯವರು ಹಳ್ಳದಲ್ಲಿ ನೂರು ಮೀಟರ್ ಇಳಿದು ನಡೆದು ನೋಡಿ, ಮೊದಲ ದಿನದ ಆ ಎರಡು ಬಾಟಲಿಗಳ ಫೋಟೊದ ಪಕ್ಕ ಮೊದಲ ಮಳೆಯ ನಂತರದ ಎರಡು ಬಾಟಲಿಗಳ ಫೋಟೊ ಸೇರಿಸಿ ಕಡತಕ್ಕೆ ಹಾಕುವವರೆಗೆ ಕೊನೆಯ ಬಿಲ್ಲಿಗೆ ಸಹಿ ಬೀಳಬಾರದು.