ಅಡಿಕೆ ಹಂಡೆಯಲ್ಲಿ ಮುರುಗಲ ತುಪ್ಪ: ನನ್ನ ಅನುಭವ

ನಮ್ಮ ಸಿದ್ದಾಪುರದ ಕಡೆ ಮುರುಗಲು (ಕೋಕಂ) ಹಣ್ಣಿನ ಸಿಪ್ಪೆಗಿರುವ ಮರ್ಯಾದೆ ಬೀಜಕ್ಕಿಲ್ಲ. ಸಿಪ್ಪೆ ಒಣಗಿಸಿ ಮಾರುತ್ತೇವೆ, ಸಕ್ಕರೆ ಹಾಕಿ ರಸ ಇಳಿಸುತ್ತೇವೆ. ಬೀಜ ಗೊಬ್ಬರಗುಂಡಿಗೆ, ಇಲ್ಲವೇ ವ್ಯಾಪಾರಿ ಹೇಳಿದ ದರಕ್ಕೆ. ಆ ಬೀಜದಿಂದ ಮನೆಯಲ್ಲೇ ತುಪ್ಪ, ಅಂದರೆ ಬೀಜದ ಗಟ್ಟಿ ಕೊಬ್ಬು, ತೆಗೆದು ದುಡ್ಡು ಮಾಡುತ್ತೇನೆ ಎಂದಾಗ ನಕ್ಕವರೇ ಹೆಚ್ಚು. "ಅಜ್ಜಿ ಕಾಲದ ಕೆಲಸ ಮಾರಾಯ, ಕಟ್ಟಿಗೆ ದುಡ್ಡೂ ಹುಟ್ಟೋದಿಲ್ಲ" ಅಂದರು. ಈಗ ಅವರ ಮನೆ ಬೀಜವೂ ನಮ್ಮ ಅಂಗಳಕ್ಕೇ ಬರುತ್ತದೆ.

ಮೊದಲು ಯಂತ್ರದ ದಾರಿಯನ್ನೇ ನೋಡಿದ್ದೆ. ಎಣ್ಣೆ ಹಿಂಡುವ ಹಳೆಯದೊಂದು ಎಕ್ಸ್‌ಪೆಲ್ಲರ್, ಲಕ್ಷದ ಮೇಲೆ ಸ್ವಲ್ಪ ಬಿತ್ತು. ಓಡು ಪೂರ್ತಿ ತೆಗೆದ ಬೇಳೆ ಹಾಕಿದರೆ ಒಳಗೇ ಮುದ್ದೆಯಾಗಿ ಸುತ್ತುತ್ತಿತ್ತು, ಹಿಂಡಿ ಮುಂದೆ ಹೋಗುತ್ತಿರಲಿಲ್ಲ. ಓಡಿನ ಚೂರು ಒಂದಿಷ್ಟು ಬೆರೆಸಿದ ಮೇಲೆ ಹಿಡಿತ ಸಿಕ್ಕಿತು. ಆದರೆ ಈ ತುಪ್ಪ ಕರಗುವುದೇ 40 ಡಿಗ್ರಿ ಆಸುಪಾಸಿನಲ್ಲಿ. ಬೀಜ ಕೈಗೆ ಬರುವುದು ಮಳೆ ಹಿಡಿಯುವ ಹೊತ್ತಿಗೆ. ಜೂನ್‌ನ ಥಂಡಿಯಲ್ಲಿ ಸೋರಿದ ಎಣ್ಣೆ ಕೊಳವೆಯ ಬಾಯಲ್ಲೇ ಹೆಪ್ಪುಗಟ್ಟಿ ಕೂತಿತು. ಕಾಯಿಸುವ ಪಟ್ಟಿ ಹಾಕಿಸಿದೆ, ಅಷ್ಟರಲ್ಲಿ ಮೋಟಾರಿನ ವೈಂಡಿಂಗ್ ಸುಟ್ಟಿತು. ಕೊನೆಗೆ 40 ಸಾವಿರದಷ್ಟು ಕಳೆದುಕೊಂಡು ಯಂತ್ರ ದಾಟಿಸಿದೆ. ಹಿಟ್ಟಿನ ಗಿರಣಿಯವರಂತೂ ಬೇಳೆ ಕಂಡರೆ ಬಾಗಿಲು ಹಾಕುತ್ತಿದ್ದರು. ಒಮ್ಮೆ ಬೀಸಿದರೆ ಕಲ್ಲು ತಿಂಗಳಾದರೂ ಜಿಡ್ಡು ಬಿಡುವುದಿಲ್ಲ.

ಹಾಗಾಗಿ ಅಜ್ಜಿಯರ ದಾರಿಗೇ ಬಂದೆ. ಹಂಡೆ ಮತ್ತು ಒಲೆಗೆ ಖರ್ಚಿರಲಿಲ್ಲ, ಅಡಿಕೆ ಬೇಯಿಸುವ ಹಂಡೆ ಆ ಕಾಲಕ್ಕೆ ಖಾಲಿಯೇ. ಉರಿಗೆ ಅಡಿಕೆ ಸಿಪ್ಪೆ, ಹಾಳೆ. ಬೀಜದ ಲೋಳೆ ತೊಳೆದು, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆಯಲ್ಲಿ ಗಲಗಲ ಅನ್ನುವವರೆಗೆ ಒಣಗಿಸಬೇಕು. ಅರೆಒಣಗಿದ್ದಾಗ ಚೀಲಕ್ಕೆ ಹಾಕಿದರೆ ಮುಗ್ಗುತ್ತದೆ. ಆ ತುಪ್ಪದ ಕಮಟು ಯಾವ ಶೋಧನೆಗೂ ಹೋಗದು. ಬೀಸುಕಲ್ಲಿನ ಮೇಲಿನ ಕಲ್ಲು ಸ್ವಲ್ಪ ಎತ್ತಿಟ್ಟು ಓಡು ಒಡೆದು, ಗೆರಸಿಯಲ್ಲಿ ಕೇರಿ, ಬೇಳೆಯನ್ನು ಗ್ರೈಂಡರಿಗೆ ಹಾಕಿ ಬಿಸಿನೀರಿನಲ್ಲೇ ಅರೆಯುತ್ತೇನೆ. ತಣ್ಣೀರಿನಲ್ಲಿ ಅರೆದರೆ ಇಳುವರಿ ಕಾಲು ಭಾಗ ಬಿದ್ದೇಹೋಗುತ್ತದೆ. ನೀರು ಎಷ್ಟು ಬಿಸಿ ಇರಬೇಕು, ಎರಡನೇ ಸಲ ಕರಗಿಸುವಾಗ ವಾಸನೆ ತೆಗೆಯಲು ಏನು ಹಾಕುತ್ತೇನೆ, ಇವೆರಡು ನಮ್ಮ ಮನೆಯಲ್ಲೇ ಇರಲಿ. ಕುದಿಸಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಮೇಲೆ ತುಪ್ಪದ ದಪ್ಪ ಪದರ ಕಟ್ಟಿರುತ್ತದೆ. ಅದನ್ನೆತ್ತಿ ಕರಗಿಸಿ, ನೀರು ಆರಿಸಿ, ಬಟ್ಟೆಯಲ್ಲಿ ಸೋಸಿ ಅಚ್ಚಿಗೆ ಹೊಯ್ಯುವುದು.

ಬೇಳೆಯಲ್ಲಿ ನೂರಕ್ಕೆ 40ರ ಮೇಲೆ ಕೊಬ್ಬಿದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಎಂಬ ಗಟ್ಟಿ ಕೊಬ್ಬಿನಾಮ್ಲ, ಉಳಿದದ್ದು ಬಹುತೇಕ ಓಲಿಯಿಕ್ ಎಂಬ ಮೆದು ಕೊಬ್ಬಿನಾಮ್ಲ. ಸ್ಟಿಯರಿಕ್ ಹೆಚ್ಚಿರುವುದಕ್ಕೇ ತುಪ್ಪ ಗಟ್ಟಿಯಾಗಿ ನಿಲ್ಲುವುದು. ಕುದಿಸುವುದರಲ್ಲಿ ಅಷ್ಟೂ ಬರುವುದಿಲ್ಲ. 10 ಕೆಜಿ ಒಣ ಬೀಜಕ್ಕೆ ಒಂದೂಮುಕ್ಕಾಲು ಕೆಜಿ, ಒಳ್ಳೆಯ ಬೀಜವಾದರೆ ಎರಡರ ಹತ್ತಿರ. ಬೀಜಕ್ಕೆ ಕೆಜಿಗೆ 40 ಕೊಡುತ್ತೇನೆ, ಆಳು ಮತ್ತು ಉಳಿದ ಖರ್ಚು 10 ಕೆಜಿಗೆ 300. ತುಪ್ಪ ಸೋಪು, ಮುಲಾಮು ಮಾಡುವವರಿಗೆ ಕೆಜಿಗೆ 700ರ ಆಸುಪಾಸಿಗೆ ಹೋಗುತ್ತದೆ. 10 ಕೆಜಿ ಬೀಜಕ್ಕೆ ಐನೂರು ಉಳಿಯಿತು ಅಂದುಕೊಳ್ಳಿ. ಹಿಮ್ಮಡಿ ಒಡಕಿಗೆ ಅಂತ ಊರಲ್ಲೇ ಸಣ್ಣ ಅಚ್ಚು ಕೊಂಡರೆ ಇನ್ನೂ ಒಳ್ಳೆ ದರ.

ನಡುವೆ ಚಾಕಲೇಟಿನ ಹುಚ್ಚೂ ಹಿಡಿದಿತ್ತು. ಯುರೋಪಿನ 2000ನೇ ಇಸವಿಯ ನಿಯಮದಲ್ಲಿ ಚಾಕಲೇಟಿಗೆ ಕೋಕೋ ಬೆಣ್ಣೆಯ ಜೊತೆ ನೂರಕ್ಕೆ 5ರವರೆಗೆ ಸೇರಿಸಬಹುದಾದ ಆರು ಸಸ್ಯಕೊಬ್ಬುಗಳಲ್ಲಿ ಮುರುಗಲೂ ಇದೆ, ಮಾವಿನ ಗೊರಟೂ ಇದೆ. ತೋಟದ್ದೇ ಕೋಕೋ ಹುರಿದು ಅರೆದು, ಮುರುಗಲ ತುಪ್ಪ ಬೆರೆಸಿ ಅಚ್ಚು ಹೊಯ್ದೆ. ಏಪ್ರಿಲ್ ಸೆಕೆಯಲ್ಲೂ ಕೈಗಂಟಲಿಲ್ಲ. ಸ್ವಲ್ಪ ಹೆಚ್ಚು ಹಾಕಿದರೆ ಮಾತ್ರ ಬಾಯಲ್ಲಿ ಮೇಣ ಮೇಣ. ಮಕ್ಕಳು ತಿಂದರು, ನೆಂಟರು ತಿನ್ನಲಿಲ್ಲ. ಕಾಡುಮಾವಿನ ಗೊರಟು ಒಡೆಯುವುದಕ್ಕೆ ಮಾತ್ರ ಯಾರೂ ಹೋಗಬೇಡಿ. ಕೈ ನೋವು ಜಾಸ್ತಿ, ಎಣ್ಣೆ ಕಮ್ಮಿ, ಬೇಳೆಯ ಒಗರು ಬೇರೆ.

ಮುರುಗಲಿನ ಬಳಗದ್ದೇ ಹುಳಿಹಣ್ಣಾದ ಉಪ್ಪಾಗೆಯ ಬೀಜಕ್ಕೂ ಇದೇ ಹಂಡೆ ಸಾಕು. ಉಪ್ಪಾಗೆ ತುಪ್ಪ ದೋಸೆಗೆ ಇದಕ್ಕಿಂತ ರುಚಿ, ಮಾರುವುದಕ್ಕೆ ನನಗೆ ಮನಸ್ಸಿಲ್ಲ. ಆದರೆ ಅದು ಬರುವುದು ಜಡಿಮಳೆಯಲ್ಲಿ, ಒಣಗಿಸುವುದಕ್ಕೆ ಹೊಗೆಯಟ್ಟವೇ ಗತಿ, ತುಪ್ಪಕ್ಕೂ ಹೊಗೆ ವಾಸನೆ. ಬಿಸಿಗಾಳಿಯ ಸಣ್ಣ ಗೂಡೊಂದನ್ನು ಹಳೆ ಡ್ರಮ್ಮಿನಲ್ಲಿ ಕಟ್ಟುತ್ತಿದ್ದೇನೆ. ಈ ಮಳೆಗಾಲಕ್ಕೆ ಬೀಜ ತರುವವರು ಲೋಳೆ ತೊಳೆದೇ ತನ್ನಿ, ಮುಗ್ಗಿದ್ದು ತಗೊಳ್ಳುವುದಿಲ್ಲ.