ಎಡಿನ್‌ಬರೋದ ದೆವ್ವದ ಕಥೆಗಳ ಜಾಡು ಹಿಡಿದು ನಡೆಯುವುದು ಹೇಗೆ?

ಮೊದಲು ಟಿಕೆಟ್ ನೋಡಿಕೊಳ್ಳಿ. ನೆಲದಡಿಯ ಹಳೇ ಓಣಿ ಮೇರಿ ಕಿಂಗ್ಸ್ ಕ್ಲೋಸ್ ಮತ್ತು ಸೌತ್ ಬ್ರಿಜ್ ಸೇತುವೆ ಕೆಳಗಿನ ನೆಲಮಾಳಿಗೆಗಳಿಗೆ ಗೈಡ್ ಜೊತೆ, ನಿಗದಿತ ಹೊತ್ತಿಗೇ ಹೋಗಬೇಕು. ಆಗಸ್ಟ್ ಉತ್ಸವದ ದಿನಗಳಲ್ಲಿ ಮುಂಗಡ ಮಾಡಿಸದಿದ್ದರೆ ಜಾಗ ಸಿಗುವುದು ಕಷ್ಟ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುವುದರಿಂದ ಮಧ್ಯಾಹ್ನವೇ ಹೊರಡಿ.

ಕೋಟೆಯ ಮುಂದಿನ ಬಯಲಿನಿಂದ ಶುರು ಮಾಡಿ ಇಳಿಜಾರಿನಲ್ಲಿ ನಡೆಯಿರಿ. ಲಾನ್‌ಮಾರ್ಕೆಟ್‌ನಲ್ಲಿ 1829ರ ಜನವರಿ 28ರಂದು ವಿಲಿಯಂ ಬರ್ಕ್‌ನನ್ನು ಗಲ್ಲಿಗೇರಿಸಿದರು. ಸಹಚರ ವಿಲಿಯಂ ಹೇರ್ ಜೊತೆ ಸೇರಿ 16 ಜನರನ್ನು ಕೊಂದು, ಹೆಣಗಳನ್ನು ಅಂಗರಚನಾ ಪಾಠಕ್ಕೆ ಮಾರಿದವನು. ಅವನ ಅಸ್ಥಿಪಂಜರ ಈಗಲೂ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿದೆ.

ಮುಂದೆ ಸಿಗುವ ಮೇರಿ ಕಿಂಗ್ಸ್ ಕ್ಲೋಸ್ ಬಗ್ಗೆ ಒಂದು ಕಥೆ ಕೇಳಿಸುತ್ತದೆ: 1645ರ ಪ್ಲೇಗ್‌ನಲ್ಲಿ ರೋಗಿಗಳನ್ನು ಒಳಗಿಟ್ಟೇ ಗೋಡೆ ಕಟ್ಟಿದರು ಎಂದು. ನಂಬಬೇಡಿ. 1753ರಲ್ಲಿ ಶುರುವಾದ ರಾಯಲ್ ಎಕ್ಸ್‌ಚೇಂಜ್ ಕಟ್ಟಡಕ್ಕಾಗಿ ಮನೆಗಳ ಮೇಲಂತಸ್ತು ಕೆಡವಿ, ಕೆಳಗಿನದನ್ನು ಅಡಿಪಾಯವಾಗಿ ಬಳಸಿದ್ದರಿಂದ ಓಣಿ ನೆಲದಡಿ ಸೇರಿತು.

ಇಲ್ಲಿಂದ ಗ್ರಾಸ್‌ಮಾರ್ಕೆಟ್‌ಗೆ ಹೋಗುವಾಗ ದಾರಿ ತಪ್ಪುವವರೇ ಹೆಚ್ಚು. ಮೊಬೈಲ್ ನಕ್ಷೆಯಲ್ಲಿ ಜಾರ್ಜ್ ದಿ ಫೋರ್ತ್ ಬ್ರಿಜ್, ಕೌಗೇಟ್ ಎರಡೂ ಕೂಡಿದಂತೆ ಕಾಣುತ್ತವೆ. ನಿಜದಲ್ಲಿ ಮೊದಲನೆಯದು ಎತ್ತರದ ಸೇತುವೆ, ಎರಡನೆಯದು ಅದರ ಬುಡದಲ್ಲಿರುವ ರಸ್ತೆ. ವಿಕ್ಟೋರಿಯಾ ಸ್ಟ್ರೀಟ್ ಇಳಿದು, ಕ್ಯಾಂಡಲ್‌ಮೇಕರ್ ರೋ ಹತ್ತಿದರೆ ಗ್ರೇಫ್ರಯರ್ಸ್ ಸ್ಮಶಾನ.

ಇಲ್ಲಿ ಬೆಳಕಿರುವಾಗಲೇ ಸಾವಕಾಶವಾಗಿ ನೋಡಿ. ಗೋರಿಗಳ ಮೇಲಿನ ಕಬ್ಬಿಣದ ಪಂಜರಗಳು ಸತ್ತವರು ಎದ್ದು ಬರದಿರಲಿ ಎಂದಲ್ಲ, ಹೆಣಗಳ್ಳರು ಅಗೆಯದಿರಲಿ ಎಂದು. ಗುಮ್ಮಟದ ಗೋರಿ ಸರ್ ಜಾರ್ಜ್ ಮೆಕೆಂಜಿಯದು. 1679ರಲ್ಲಿ ಬಾತ್‌ವೆಲ್ ಬ್ರಿಜ್ ಕದನದಲ್ಲಿ ಸೋತ ಸುಮಾರು 1,200 ಕವೆನಂಟರುಗಳನ್ನು (ಚರ್ಚಿನಲ್ಲಿ ರಾಜನ ಹಸ್ತಕ್ಷೇಪ ವಿರೋಧಿಸಿದ ಸ್ಕಾಟ್ಲೆಂಡಿನ ಪ್ರೊಟೆಸ್ಟಂಟರು) ಸ್ಮಶಾನದ ಪಕ್ಕದ ಬಯಲಿನಲ್ಲಿ ಕೂಡಿಹಾಕಿದ್ದರು. ಅವರ ಮೇಲೆ ಮೊಕದ್ದಮೆ ನಡೆಸಿದ ಸರ್ಕಾರಿ ವಕೀಲ ಈ ಮೆಕೆಂಜಿಯೇ. ಸತ್ತದ್ದು 1691ರಲ್ಲಿ. ಆದರೆ ಪರಚುವ, ತಳ್ಳುವ ಅವನ ದೆವ್ವದ ಈಗಿನ ಕಥೆಗಳು ಹಬ್ಬಿದ್ದು 1990ರ ದಶಕದ ಕೊನೆಯಲ್ಲಿ. ಇಷ್ಟು ತಡವಾಗಿ ಎದ್ದ ದೆವ್ವದ ಮೇಲೆ ಅನುಮಾನ ಸಹಜ! ಕವೆನಂಟರ ಸೆರೆಮನೆ ಎನ್ನುವ ಭಾಗದ ಗೇಟಿಗೆ ಬೀಗವಿರುತ್ತದೆ. ಗೈಡ್ ತಂಡದ ಜೊತೆ ಮಾತ್ರ ಒಳಗೆ ಬಿಡುತ್ತಾರೆ.

ಕತ್ತಲಾದ ಮೇಲೆ ಸೌತ್ ಬ್ರಿಜ್. 1788ರ ಈ ಸೇತುವೆಯ 19 ಕಮಾನುಗಳಲ್ಲಿ ಪೂರ್ತಿ ಕಾಣುವುದು ಕೌಗೇಟ್ ಮೇಲಿನದೊಂದೇ. ಮೇಲಿನಿಂದ ನೀರು ಜಿನುಗದಂತೆ ಸರಿಯಾಗಿ ಮುಚ್ಚದ್ದರಿಂದ ವ್ಯಾಪಾರಿಗಳು ಕಮಾನುಗಳೊಳಗಿನ ಮಳಿಗೆ ಬಿಟ್ಟರು, ಬಡವರು ಸೇರಿಕೊಂಡರು. ಕತ್ತಿನ ಮೇಲೆ ತಣ್ಣಗೆ ಏನೋ ಬಿದ್ದರೆ ಮೊದಲು ಚಾವಣಿ ನೋಡಿ. ನೆಲ ಏರುತಗ್ಗು, ಜಾರುತ್ತದೆ. ಹಿಡಿತವಿರುವ ಶೂ, ಬೇಸಿಗೆಯಲ್ಲೂ ಒಂದು ಜಾಕೆಟ್ ಇರಲಿ.